ಸಂಬಳ ಕೇಳುವ ದೋನ್ಯಾ ಎರ್ಮಿನಿಯಾ

ಸಾನ್ ಹೋಸೆಯ ನಮ್ಮ ಬೀದಿಯಲ್ಲಿ ಕೋಣೆಗಳನ್ನು ಬಾಡಿಗೆಗೆ ಕೊಡುವ, ಎಲ್ಲರೂ ಗೌರವದಿಂದ 'ದೋನ್ಯಾ' (ಅಮ್ಮಾವರು) ಎಂದು ಕರೆಯುವ ಎರ್ಮಿನಿಯಾ, ಹೊಸಬರ ಹೆಸರಿಗಿಂತ ಮೊದಲು ಸಂಬಳ ಎಷ್ಟೆಂದು ಕೇಳುತ್ತಾರೆ. ಪಕ್ಕದ ದೇಶ ನಿಕರಾಗುವಾದಿಂದ ಬಂದ ನಾನು, ಒಂದು ಮನೆಯಲ್ಲಿ ಮನೆಗೆಲಸಕ್ಕೆ ತಿಂಗಳಿಗೆ ಇಲ್ಲಿನ ದುಡ್ಡಲ್ಲಿ ಒಂದೂವರೆ ಲಕ್ಷ ಕೊಲೋನ್ ಕೊಡುತ್ತಾರಂತೆ ಎಂದು ಹೆಮ್ಮೆಯಿಂದ ಹೇಳಿದೆ. "ಲಕ್ಷ ಅಂದ ತಕ್ಷಣ ಬಾಯಿ ಬಿಡ್ಬೇಡ ಮಗಳೇ! ನಿಮ್ಮೂರ ದುಡ್ಡಿಗೆ ಲೆಕ್ಕ ಹಾಕಿದ್ರೆ ಇಲ್ಲಿ ಹೊಟ್ಟೆ ತುಂಬುತ್ತಾ?" ಎಂದು ಕೈಹಿಡಿದು ಹೊರಟೇಬಿಟ್ಟರು. ಬಸ್ ಚಾಲಕ, ದರ್ಜಿ, ಕಡೆಗೆ ಪಾದ್ರಿಯನ್ನೂ ಬಿಡದೆ, "ನಿಮ್ಮನೆಗೆ ತಿಂಗಳಿಗೆ ಎಷ್ಟು ಬರುತ್ತೆ? ಬಾಡಿಗೆಗೆ ಎಷ್ಟು ಹೋಗುತ್ತೆ? ಮನೆಗೆಲಸದವರಿಗೆ ಇಲ್ಲಿ ಎಷ್ಟು ಕೊಡ್ತಾರೆ?" ಎಂದು ಬಾಗಿಲಲ್ಲೇ ವಿಚಾರಿಸಿದರು. ಕೆಲವರು ಅವರನ್ನು ಕಂಡೊಡನೆ ಕಿಟಕಿ ಮುಚ್ಚುತ್ತಾರೆ. ಮುಚ್ಚಿದ ಕಿಟಕಿಗೂ ಪ್ರಶ್ನೆ ತಪ್ಪಿದ್ದಲ್ಲ. ನನಗೆ ಹೇಳಿದ ಹಣ ಬಾಡಿಗೆಗೂ ಅನ್ನ-ಕಾಳಿಗೂ ಸಾಲದು, ಇಲ್ಲಿ ಆ ಕೆಲಸಕ್ಕೆ ಎರಡರಷ್ಟು ಸಿಗುತ್ತದೆ ಎಂದು ಸಂಜೆಯೊಳಗೆ ತಿಳಿಯಿತು. "ನನಗೋಸ್ಕರ ಇಷ್ಟೆಲ್ಲ ಯಾಕೆ ದೋನ್ಯಾ?" ಎಂದೆ. "ನಾನೂ ನಿಮ್ಮೂರ ಕಡೆಯವಳೇ ಕಣೇ. ಅರ್ಧ ಸಂಬಳಾನೇ ಅದೃಷ್ಟ ಅಂದ್ಕೊಂಡು ಒಂದೇ ಮನೇಲಿ ಹನ್ನೊಂದು ವರ್ಷ ದುಡಿದೆ. ಆ ಯಜಮಾನಿ ಹೆಸರಲ್ಲಿ ದಿನಾ ಪ್ರಾರ್ಥನೆ ಬೇರೆ ಮಾಡ್ತಿದ್ದೆ" ಎಂದು ನಕ್ಕರು. ಮರುದಿನ ಕೆಲಸದ ಮನೆಯಲ್ಲಿ ಸರಿಯಾದ ಸಂಬಳ ಕೇಳಿದೆ, ಕೊಡಲು ಒಪ್ಪಿದರು. ತಿಂಗಳ ಕೊನೆಗೆ ಉಪಕಾರ ನೆನೆಯಲು ದೋನ್ಯಾ ಮನೆಗೆ ಹೋದರೆ, ಅವರ ಎದುರಿಗೆ ಆಗಷ್ಟೇ ಬಂದಿಳಿದ ಹೆಂಗಸೊಬ್ಬಳು ಗಂಟು ಹಿಡಿದು ಕೂತಿದ್ದಳು. "ಅದೆಲ್ಲ ಆಮೇಲೆ. ಮೊದಲು ಇವಳಿಗೆ ನಿನ್ನ ಸಂಬಳ ಹೇಳು" ಎಂದರು ದೋನ್ಯಾ. ಬೀದಿಗೆಲ್ಲ ಕೇಳುವಂತೆ ಹೇಳಿದೆ.