ಪರದೇಶದ ಪತ್ರಿಕೆಯಲ್ಲಿ ನಮ್ಮವರ ಹೆಸರು

ನಮ್ಮವರು ಪುತ್ತೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದರು. ಅರವತ್ತರ ದಶಕದ ಮೊದಲ ವರ್ಷಗಳು. ವಾರವಿಡೀ ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಸಂಜೆಯ ಬಸ್ಸಿಗೆ ಬೆಳ್ಳಾರೆಯ ನಮ್ಮ ಮನೆಗೆ ಬರುತ್ತಿದ್ದರು. ಕಾಫಿ ಕುಡಿದವರೇ ಬಾವಿಕಟ್ಟೆಯ ಹಿಂದೆ ಹೋಗಿ, ಕೆಸುವಿನ ಬುಡ ಕೆದಕಿ, ಎಳೆ ಬೇರಿನ ತುದಿಗಳನ್ನು ಔಷಧದ ಖಾಲಿ ಕುಪ್ಪಿಗೆ ಹಾಕುವರು. ಅದನ್ನು ಬಣ್ಣದಲ್ಲಿ ನೆನೆಸಿ, ಎರಡು ಗಾಜಿನ ನಡುವೆ ಹೆಬ್ಬೆರಳಲ್ಲಿ ಒತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಜೀವಕೋಶದ ಒಳಗಿನ ವರ್ಣತಂತುಗಳು ಕಾಣುತ್ತವಂತೆ. ಅವನ್ನು ಎಣಿಸುವುದೇ ಇವರ ಸಂಶೋಧನೆ. ನನಗೂ ಒಮ್ಮೆ ತೋರಿಸಿದ್ದರು. ಜೀರಿಗೆ ಚೆಲ್ಲಿದ ಹಾಗೆ ಕಂಡಿತು.

ಹೀಗೆ ಎಣಿಸಿ ಬರೆದದ್ದು ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಆಮೇಲೆ ಸುದ್ದಿಯೇ ಇಲ್ಲ. ಮಾವ ಪ್ರತಿ ಶನಿವಾರ ಕೇಳುವರು, "ಅದು ಎಂತ ಆಯ್ತು?"

"ಬೇರೆಯವರು ಅವರ ಬರಹದಲ್ಲಿ ನನ್ನ ಹೆಸರು ಎತ್ತಬೇಕು ಅಪ್ಪ. ಆಗ ಅದಕ್ಕೆ ಬೆಲೆ."

ಮಾವ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಒಂದು ಮಂಗಳವಾರ ಪರದೇಶದ ಅಂಚೆಚೀಟಿ ಅಂಟಿಸಿದ ಲಕೋಟೆ ಮನೆಗೇ ಬಂತು. ಮಾವನಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು. ಒಳಗಿದ್ದ ಯಾವುದೋ ಪತ್ರಿಕೆಯ ಅಚ್ಚಿನ ಪುಟಗಳ ಮೇಲೆ ಬೆರಳು ಎಳೆಯುತ್ತ ಹೋಗಿ, ಒಂದು ಕಡೆ ನಿಂತು, ಅಡುಗೆಮನೆಯ ಕಡೆ ಕೂಗಿದರು. "ಮಗಳೇ, ಬಾ ಇಲ್ಲಿ. ಅವನ ಹೆಸರು!" ನಾನು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಹೋಗಿ ನೋಡಿದೆ. ಹೌದು, ಇವರದ್ದೇ.

ಮಾವ ಇಸ್ತ್ರಿಯ ಅಂಗಿ ಹಾಕಿಕೊಂಡು ಪೇಟೆಗೆ ಹೊರಟರು. ಅಲ್ಲಿ ಜೀನಸಿನ ಅಂಗಡಿ ಇಟ್ಟಿದ್ದ ಬ್ಯಾರಿ ಕಾಕ ಅವರ ಗೆಳೆಯರು, ಶಾಲೆಯ ಸಮಿತಿಯಲ್ಲೂ ಇದ್ದವರು. ಕಾಕ ಪುಟಗಳನ್ನು ಕಣ್ಣಿಗೊತ್ತಿಕೊಂಡು, "ನಮ್ಮ ಬೆಳ್ಳಾರೆಯ ಕೆಸು ವಿಲಾಯತಿಗೆ ಮುಟ್ಟಿತಲ್ಲ ಮಾರಾಯ್ರೆ!" ಎಂದರಂತೆ. ಆ ಭಾನುವಾರವೇ ಶಾಲೆಯ ವಾರ್ಷಿಕೋತ್ಸವ. ಮೇಷ್ಟ್ರಿಗೆ ಅಲ್ಲೇ ಶಾಲು ಹೊದಿಸುವುದೆಂದು ಅಂಗಡಿಯ ಜಗಲಿಯಲ್ಲೇ ತೀರ್ಮಾನವಾಯಿತು.

ಶನಿವಾರ ಇವರು ಬಂದು ಆ ಪುಟಗಳನ್ನು ನಿಂತೇ ಓದಿದರು. ಕಾಫಿ ಆರಿತು. "ಅಪ್ಪ, ಇದು ನೀವು ಎಣಿಸಿದ ಹಾಗಲ್ಲ," ಎಂದು ಶುರುಮಾಡಿದರು.

"ಗೊತ್ತುಂಟು ಗೊತ್ತುಂಟು. ಹೊಗಳಿದರೆ ನಿನಗೆ ಸಣ್ಣಂದಿನಿಂದಲೂ ಆಗುದಿಲ್ಲ. ನಾಳೆ ಬಿಳಿ ಅಂಗಿ ಹಾಕು, ಸಾಕು."

ಮರುದಿನ ಬೆಳಿಗ್ಗೆ ಇನ್ನೊಮ್ಮೆ ಬಾಯಿ ತೆರೆದರು. ಮಾವ ಆಗಲೇ ಶಾಲೆಗೆ ಕುರ್ಚಿ ಸಾಗಿಸುವವರ ಜೊತೆ ಹೊರಟಿದ್ದರು. ಇವರು ಕಡುಬನ್ನು ತಟ್ಟೆಯಲ್ಲೇ ಬಿಟ್ಟದ್ದನ್ನು ಕಂಡು, ಭಾಷಣದ ಹೆದರಿಕೆ ಇರಬೇಕೆಂದುಕೊಂಡೆ.

ಶಾಲು ಹೊದಿಸಿದರು, ಹಣ್ಣಿನ ತಟ್ಟೆ ಕೊಟ್ಟರು. ಮಾವ ಎದುರು ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ಅವರು ಹಾಗೆ ಕುಳಿತದ್ದನ್ನು ನಾನು ಮೊದಲು ಕಂಡದ್ದೇ ಇಲ್ಲ. ಇವರು ಎದ್ದು ಹೇಳಿದರು:

"ಆ ಪತ್ರಿಕೆಯಲ್ಲಿ ನನ್ನ ಹೆಸರು ಇರುವುದು ನನ್ನ ಎಣಿಕೆ ತಪ್ಪು ಎಂದು ತೋರಿಸಲಿಕ್ಕೆ. ಅವರು ಹೇಳಿದ್ದೇ ಸರಿ ಅಂತ ಕಾಣ್ತದೆ. ಎರಡು ತಂತು ಒಂದರ ಮೇಲೊಂದು ಬಿದ್ದದ್ದನ್ನು ನಾನು ಒಂದೆಂದು ಎಣಿಸಿರಬೇಕು."

ಹಿಂದಿನಿಂದ ಯಾರೋ, "ಹಾಗಾದ್ರೆ ಶಾಲು ವಾಪಸ್ಸಾ ಮಾರಾಯ್ರೆ?" ಎಂದರು. ನಗೆ ಹಿಂದಿನ ಬೆಂಚಿನಿಂದ ಹೆಂಗಸರ ಸಾಲಿನವರೆಗೂ ಬಂತು. ಪಕ್ಕದವಳು ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ನನ್ನ ಕಾಲುಂಗುರವನ್ನೇ ನೋಡುತ್ತ ಕುಳಿತೆ. ತಲೆ ಎತ್ತುವಾಗ ಮಾವನ ಕುರ್ಚಿ ಖಾಲಿ. ಆ ಹಣ್ಣಿನ ತಟ್ಟೆಯನ್ನು ಪೇಟೆಯ ನಡುವಿನಿಂದ ಮನೆಗೆ ಹೊತ್ತು ತಂದವಳು ನಾನು. ಅದರ ಮೇಲೊಂದು ಕಾಗದ ಮುಚ್ಚಲೂ ತೋಚಲಿಲ್ಲ.

ಮಾವ ಕಾಕನ ಅಂಗಡಿಗೆ ಹೋಗುವುದನ್ನು ಬಿಟ್ಟರು. ಬೆಲ್ಲಕ್ಕೂ ಉಪ್ಪಿಗೂ ಬಸ್ಸಿನಲ್ಲಿ ಸುಳ್ಯಕ್ಕೆ ಹೋಗಿಬರುವರು. ಕೊನೆಗೆ ಕಾಕನೇ ಮನೆಗೆ ಬಂದರು. "ಎಂತ ಮಾರಾಯ್ರೆ, ನನ್ನ ಬೆಲ್ಲ ಕಹಿ ಆಯ್ತಾ?" ಮಾವ ಎಲೆಯಡಿಕೆಯ ತಟ್ಟೆಯನ್ನು ಅವರ ಮುಂದೆ ಸರಿಸಿದರು. ಮಾತು ಮಳೆಯ ಬಗ್ಗೆ ಆಯಿತು.

ಇವರು ಕೆಸುವಿನ ಬುಡ ಕೆದಕುವುದನ್ನು ಬಿಡಲಿಲ್ಲ. ಮರುವರ್ಷ, ಇವರ ಬರಹ ಮೊದಲು ಅಚ್ಚಾಗಿದ್ದ ಆ ಇಂಗ್ಲಿಷ್ ಪತ್ರಿಕೆ ಅಂಚೆಯಲ್ಲಿ ಬಂತು. ಮಾವ ಅದನ್ನು ಒಡೆಯದೆ ಶನಿವಾರದವರೆಗೆ ಮೇಜಿನ ಮೇಲೆ ಇಟ್ಟರು. ಇವರು ಬಂದ ಮೇಲೆ ಕೇಳಿದರು, "ಇದರಲ್ಲಿ ನಿನ್ನ ಲೆಕ್ಕ ತಪ್ಪು ಅಂತ ಬರೆದದ್ದು ಯಾರು?"

"ನಾನೇ ಅಪ್ಪ. ಪುನಃ ಎಣಿಸಿದೆ. ಅವರು ಹೇಳಿದ್ದು ಸರಿ ಉಂಟು."

ಮಾವ ಪತ್ರಿಕೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ಕೇಳಿದರು, "ಇಂಗ್ಲಿಷಿನಲ್ಲೇ ಬರೆದದ್ದಲ್ಲ?"

"ಹೌದು."

"ಹಾಗಾದ್ರೆ ಅಡ್ಡಿ ಇಲ್ಲ. ಪೇಟೆಯಲ್ಲಿ ಯಾರಿಗೂ ಗೊತ್ತಾಗುದಿಲ್ಲ."

ಎಂದವರು ಪತ್ರಿಕೆಯನ್ನು ತಾವೇ ಒಳಗೆ ಒಯ್ದು, ಪೆಟ್ಟಿಗೆಯಲ್ಲಿ ಆ ಶಾಲಿನ ಅಡಿಯಲ್ಲಿ ಇಟ್ಟರು.