ಚಂದ್ರನನ್ನು ಒಬ್ಬಳೇ ಮೇಲಕ್ಕೇರಿಸಿದೆ

ಆಟದ ಸಿ.ಡಿ. ನನ್ನ ಗೆಳತಿಯದು, ಕಂಪ್ಯೂಟರ್ ನಮ್ಮದು. ಇಸವಿ ಎರಡು ಸಾವಿರದ ಆಸುಪಾಸು. ನಾವಿಬ್ಬರೂ ಕಂಟೋನ್ಮೆಂಟಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಎಂಟನೇ ತರಗತಿ, ಒಂದೇ ಬೆಂಚು. ಅವಳ ಮನೆ ಶಿವಾಜಿನಗರದ ಒಂದು ಗಲ್ಲಿಯಲ್ಲಿ, ನಮ್ಮದು ಹಲಸೂರಿನಲ್ಲಿ. ಸಿ.ಡಿ. ಅವಳ ಚಿಕ್ಕಪ್ಪನ ಹಳೆ ಪುಸ್ತಕದಂಗಡಿಗೆ ಯಾವುದೋ ವಿದೇಶಿ ಪತ್ರಿಕೆಯ ರಟ್ಟಿಗೆ ಅಂಟಿಕೊಂಡು ಬಂದಿತ್ತು. ಅವಳ ಮನೆಯಲ್ಲಿಟ್ಟರೆ ತಮ್ಮಂದಿರು ಚಕ್ರ ಮಾಡಿ ಉರುಳಿಸುತ್ತಾರೆಂದು ನಮ್ಮಲ್ಲೇ ಇಟ್ಟಿದ್ದಳು.

"ನಾನಿಲ್ದೆ ಆಡ್ಬಾರ್ದು. ಗಾಡ್ ಪ್ರಾಮಿಸ್?" ಎಂದು ಕೇಳಿದ್ದಳು. ನಾನು ಗಂಟಲ ಚರ್ಮ ಹಿಡಿದು ಗಾಡ್ ಪ್ರಾಮಿಸ್ ಎಂದಿದ್ದೆ.

ಆ ಆಟದಲ್ಲಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ. ಅಂಗಿಯ ಗುಂಡಿಯಂಥ ಮೂಗಿನ, ಎಲೆಯ ಟೋಪಿಯ ಒಬ್ಬ ಪುಟಾಣಿ ಮನುಷ್ಯ. ಅವನೂರಿನ ಚಂದ್ರ ಕಳಚಿ ಬಾವಿಗೆ ಬಿದ್ದಿದ್ದಾನೆ, ಅವನನ್ನು ಮತ್ತೆ ಮೇಲಕ್ಕೇರಿಸಬೇಕು, ಅಷ್ಟೇ ಕಥೆ. ಮಾತಿಲ್ಲ, ಸೂಚನೆಯಿಲ್ಲ. ಚಿತ್ರದ ಮೇಲೆ ಮೌಸ್ ಆಡಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಬಾಣ ಪುಟ್ಟ ಅಂಗೈಯಾಗುತ್ತದೆ. ಅಲ್ಲಿ ಒತ್ತಿದರೆ ಹಗ್ಗವೋ ಗರಿಯೋ ಸಿಗುತ್ತದೆ, ಚೀಲಕ್ಕೆ ಹಾಕಿಕೊಳ್ಳಬೇಕು. ಯಾವುದು ಯಾವಾಗ ಉಪಯೋಗಕ್ಕೆ ಬರುತ್ತದೆ ಎಂದು ತಲೆ ಓಡಿಸುವುದೇ ಆಟ.

ಶನಿವಾರ ಅರ್ಧ ದಿನ ಶಾಲೆ. ಬಸ್ಸಿಳಿದು ನಮ್ಮನೆಗೆ ಬಂದು, ಅಜ್ಜಿ ಬಡಿಸಿದ್ದನ್ನು ಗಬಗಬನೆ ತಿಂದು ಕೂತರೆ ಐದು ಗಂಟೆಯವರೆಗೂ ಏಳುತ್ತಿರಲಿಲ್ಲ. ಒಂದು ವಾರ ಅವಳ ಕೈಗೆ ಮೌಸ್, ಇನ್ನೊಂದು ವಾರ ನನಗೆ. ನನ್ನದು ಕಂಡಕಂಡಲ್ಲಿ ಒತ್ತುವ ಚಾಳಿ. ಅವಳು ಕೈಕಟ್ಟಿ ಕೂತು, ಪರದೆಯನ್ನು ದಿಟ್ಟಿಸಿ, ಆಮೇಲೆ ಒಂದೇ ಸಲ ಒತ್ತುವವಳು. ಬಹಳ ಸಲ ಅದೇ ಸರಿಯಾಗುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಖುಷಿಯೂ ಆಗುತ್ತಿತ್ತು.

ಕೆಟಲಿನ ಆಕಾರದ ಮನೆಯಲ್ಲಿದ್ದ ಮುದುಕಿಯ ಹತ್ತಿರ ಬಂದು ನಾವು ಸಿಕ್ಕಿಹಾಕಿಕೊಂಡೆವು. ಅವಳು ಒಂದು ಹೂಜಿ ಕೊಡುತ್ತಾಳೆ. ಅದರಲ್ಲಿ ನೀರು ತಂದು ಒಣಗಿದ ಬಳ್ಳಿಗೆ ಹಾಕಿದೆವು, ಬಳ್ಳಿಯಲ್ಲಿ ಹಣ್ಣೂ ಬಂತು. ಹೂಜಿ ಹಿಂದಿರುಗಿಸಿದರೆ ಮುದುಕಿ ಕಿಟಕಿಯಿಂದ ಬಗ್ಗಿ ಹೂಜಿಯೊಳಗೆ ನೋಡಿ, ತಲೆಯಲ್ಲಾಡಿಸಿ, ಪಟ್ಟೆಂದು ಕಿಟಕಿ ಮುಚ್ಚುತ್ತಿದ್ದಳು. ಬಾವಿಯ ದಾರಿ ಇದ್ದದ್ದು ಅವಳ ಮನೆಯೊಳಗೆ. ಚೀಲದಲ್ಲಿದ್ದ ಗರಿ, ಹಗ್ಗ, ಬೀಗದ ಕೈ, ಹಣ್ಣು ಎಲ್ಲವನ್ನೂ ಒಂದೊಂದಾಗಿ ಅವಳ ಕೈಗೆ ಕೊಟ್ಟು ನೋಡಿದೆವು. ಯಾವುದಕ್ಕೂ ಜಗ್ಗಲಿಲ್ಲ. ಮೂರು ಶನಿವಾರ ಹೀಗೇ ಹೋದವು.

ಅಷ್ಟರಲ್ಲಿ ಗೆಳತಿಗೆ ಚಿಕನ್ ಪಾಕ್ಸ್ ಬಂತು. ಅಮ್ಮ ಆಗಿರುವ ಮನೆಗೆ ಹೋಗಕೂಡದೆಂದು ಅಜ್ಜಿ ನನ್ನನ್ನು ತಡೆದರು.

ಮೊದಲ ಶನಿವಾರ ಹೇಗೋ ತಡೆದುಕೊಂಡೆ. ಎರಡನೆಯ ಶನಿವಾರ, ಸುಮ್ಮನೆ ನೋಡುತ್ತೇನೆ, ಆಡುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಸಿ.ಡಿ. ಹಾಕಿದೆ. ಪಕ್ಕದಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದ ಅಜ್ಜಿ, ಮುದುಕಿ ಮೂರನೇ ಬಾರಿ ಕಿಟಕಿ ಮುಚ್ಚಿದ್ದನ್ನು ನೋಡಿ ತಲೆಯೆತ್ತಿದರು.

"ಅಲ್ಲ ಕಣೇ, ಇಸ್ಕೊಂಡ ಪಾತ್ರೆನ ಯಾರಾದ್ರೂ ಖಾಲಿ ವಾಪಸ್ ಕೊಡ್ತಾರಾ? ಆಯಮ್ಮ ಕಿಟ್ಕಿ ಮುಚ್ದೆ ಇನ್ನೇನ್ ಮಾಡ್ತಾಳೆ? ಒಳಗೆ ಏನಾದ್ರೂ ಹಾಕ್ಕೊಡು."

ಹಣ್ಣನ್ನು ಹೂಜಿಯೊಳಗೆ ಹಾಕಿ ಕೊಟ್ಟೆ. ಮುದುಕಿ ನಕ್ಕು ಬಾಗಿಲು ತೆರೆದಳು.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಒಂದರ ಹಿಂದೊಂದು ಬಾಗಿಲು ತೆರೆಯುತ್ತಾ ಹೋಯಿತು, ಸಂಜೆಯೊಳಗೆ ಚಂದ್ರ ಮೇಲೇರಿದ. ಇಡೀ ಊರು ಬೆಳ್ಳಗಾಯಿತು. ನಾನು ಚಪ್ಪಾಳೆ ತಟ್ಟಿ ಪಕ್ಕಕ್ಕೆ ತಿರುಗಿದೆ. ಅಜ್ಜಿ ಅನ್ನಕ್ಕಿಡಲು ಎದ್ದುಹೋಗಿದ್ದರು. ಗೆಳತಿ ಕೂರುತ್ತಿದ್ದ ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ಮುಂದಿನ ಶನಿವಾರ ಅವಳು ಬಂದಳು. ಹಣೆಯ ಮೇಲೆ ಎರಡು ಕಲೆ. ನಾನು ಪಕ್ಕಾ ಕಳ್ಳಿಯ ಹಾಗೆ, ನಾವಿಬ್ಬರೂ ಆ ಪುಟಾಣಿಯೂ ಸಿಕ್ಕಿಹಾಕಿಕೊಂಡಿದ್ದ ಹಳೆಯ ಜಾಗದಿಂದಲೇ ಆಟ ತೆರೆದಿಟ್ಟಿದ್ದೆ. ಅವಳು ಮೌಸ್ ಮುಟ್ಟುವ ಮೊದಲೇ ಹೇಳಿದಳು:

"ನಂಗೆ ಹೊಳೀತು ಕಣೇ! ಹತ್ತು ದಿನದಿಂದ ಯಾರ್ಗೂ ಹೇಳ್ದೆ ಇಟ್ಕೊಂಡಿದೀನಿ. ಹಬ್ಬಕ್ಕೆ ನಾವು ಶೀರ್ ಖುರ್ಮಾ ಕಳ್ಸಿದ್ ಡಬ್ಬಿ ಇತ್ತಲ್ಲ, ಅದನ್ನ ನಿಮ್ಮಪ್ಪ ಬಾಗ್ಲಲ್ಲೇ ನಿಂತು ವಾಪಸ್ ಕೊಟ್ಟೋದ್ರು. ಅಮ್ಮಿ ಮುಚ್ಚಳ ತೆಗೆದ್ರೆ ಒಳಗೆ ಅಜ್ಜಿ ರವೆ ಉಂಡೆ ಹಾಕಿದಾರೆ! ಮಲಗಿದ್ದವಳು ಎದ್ದು ಕೂತ್ಬಿಟ್ಟೆ. ನಿಂಗೆ ಫೋನ್ ಮಾಡಣ ಅನ್ಸ್ತು. ಬೇಡ, ಇಬ್ರೂ ಒಟ್ಗೆ ನೋಡಣ ಅಂತ ಸುಮ್ನಾದೆ."

ಹಣ್ಣು ಹೂಜಿಗೆ ಹಾಕಿದಳು. ಬಾಗಿಲು ತೆರೆಯಿತು. ನಾನು "ಅಬ್ಬಾ, ಏನ್ ತಲೆನೇ ನಿಂದು!" ಎಂದು ಕೂಗಿ ಅವಳ ಬೆನ್ನಿಗೆ ಗುದ್ದಿದೆ. ಅಷ್ಟು ಚೆನ್ನಾಗಿ ನಾಟಕವಾಡಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಮುಂದಿನ ಒಗಟಿಗೆ ಬೇಕೆಂತಲೇ ತಪ್ಪು ಉತ್ತರ ಹೇಳಿದೆ. ಅವಳು ಕೈಕಟ್ಟಿ ಯೋಚಿಸತೊಡಗಿದಳು.

ಆಗ ಅಜ್ಜಿ ಚುರುಮುರಿ ತಟ್ಟೆ ಹಿಡಿದು ಬಂದರು. ನಮ್ಮ ಪ್ರಾಮಿಸ್ ಅವರಿಗೇನು ಗೊತ್ತು?

"ಇದೇನ್ರೇ, ಮತ್ತೆ ಹಿಂದಿಂದ ಶುರು ಮಾಡಿದೀರ? ಹೋದ್ ಶನಿವಾರನೇ ಚಂದ್ರನ್ನ ಮೇಲಕ್ಕೆ ಹತ್ಸಿದ್ಯಲ್ಲೇ ನೀನು."

ಅವಳು ಕೂಗಾಡಿದ್ದರೆ ಒಳ್ಳೆಯದಿತ್ತು. ನಮ್ಮ ಮನೆಯಲ್ಲಿ ಜಗಳವೆಂದರೆ ಕೂಗಾಟ, ಕೂಗಿ ಮುಗಿದ ಮೇಲೆ ಊಟ. ಅವಳು ಕೂಗಲಿಲ್ಲ. ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಕೊನೇಲಿ ಏನಾಗತ್ತೆ?" ಎಂದು ಕೇಳಿದಳು.

"ನೀನೇ ಆಡೇ, ಪ್ಲೀಸ್."

"ಇಲ್ಲ, ಹೇಳು."

ಹೇಳಿದೆ. ಬಾವಿಯೊಳಗಿನ ಕಪ್ಪೆಗಳು, ಹಗ್ಗದ ಏಣಿ, ಚಂದ್ರ ಮೇಲೇರಿ ಊರೆಲ್ಲ ಬೆಳ್ಳಗಾದದ್ದು. ಬಾಯಲ್ಲಿ ಹೇಳಿದರೆ ಎರಡು ನಿಮಿಷದ ಕಥೆ. ಅವಳು ಪರದೆಯನ್ನೇ ನೋಡುತ್ತಾ ಕೇಳಿಸಿಕೊಂಡಳು. ಪರದೆಯಲ್ಲಿ ಪುಟಾಣಿ ಇನ್ನೂ ಮುದುಕಿಯ ಮನೆಯಲ್ಲೇ ಕಣ್ಣು ಮಿಟುಕಿಸುತ್ತಾ ನಿಂತಿದ್ದ.

"ಚೆನ್ನಾಗಿದೆ," ಎಂದು ತನ್ನ ಶಾಲೆಯ ಚೀಲ ತೆಗೆದುಕೊಂಡಳು. ಸಿ.ಡಿ. ಕೊಡಲು ಹೋದರೆ, "ನೀನೇ ಇಟ್ಕೋ. ಕಥೆ ಗೊತ್ತಾಯ್ತಲ್ಲ," ಎಂದಳು.

ಸೋಮವಾರ ಬೆಂಚಿನಲ್ಲಿ ಅಳುತ್ತಾ ಕ್ಷಮೆ ಕೇಳಿದೆ. "ಅರೆ, ಬಿಡೇ, ಆಟ ತಾನೆ," ಎಂದು ತನ್ನ ಕರ್ಚೀಫನ್ನೇ ಕೊಟ್ಟಳು. ಕ್ಷಮಿಸಿದ್ದು ನಿಜ, ಅದರಲ್ಲಿ ನನಗೆ ಅನುಮಾನವಿಲ್ಲ. ಹತ್ತನೇ ತರಗತಿಯವರೆಗೂ ಜೊತೆಗೇ ಕೂತೆವು, ಒಂದೇ ಡಬ್ಬಿಯಲ್ಲಿ ಉಂಡೆವು. ಆದರೆ ನಾನು ಯಾವ ಕಷ್ಟದ ಲೆಕ್ಕ ತಂದು ಮುಂದಿಟ್ಟರೂ, ಎಂಥ ಒಗಟು ಕೇಳಿದರೂ, ಪೆನ್ಸಿಲ್ ಎತ್ತಿಕೊಳ್ಳುವ ಮೊದಲು ಅವಳು ಒಮ್ಮೆ ನನ್ನ ಮುಖ ನೋಡುತ್ತಿದ್ದಳು.

"ನಿಂಗೆ ಆಗ್ಲೇ ಗೊತ್ತಾ?" ಎಂದು ಕೇಳುತ್ತಿದ್ದಳು.