ದನಿ ಹೋದ ಕಾಕೂನ ಎರಡು ಸಾಲು

ನಿಪ್ಪಾಣಿಯ ಈ ಬಾಡಿಗೆ ಕೋಣೆಯ ಕಿಟಕಿ ತೆರೆದರೆ ತಂಬಾಕು ಕೂಡಿಡುವ ಪಕ್ಕದ ವಖಾರಿಯಿಂದ ಘಾಟು ಬರುತ್ತದೆ. ಇಂದು ರವಿವಾರ, ಬೆಳಿಗ್ಗೆಯೇ ಸೀನಿದೆ. ಸೀನಿದರೆ ಯಾರಿಗಾದರೂ ಹೇಳಬೇಕೇ ಎಂದು ನೀವು ನಗಬಹುದು. ಒಂಟಿಯಾಗಿದ್ದು ನೋಡಿ, ಅದೂ ಸುದ್ದಿಯೇ. ಇಂಥ ಸಣ್ಣ ಸುದ್ದಿ ಎಂದಾಗ ನನಗೆ ಅಂಕಲಿ ಊರಿನ ಕಾಕೂ ನೆನಪಾಗುತ್ತಾರೆ.

ಕಾಕೂ ಅಂದರೆ ಚಿಕ್ಕಮ್ಮ; ನಾನು ಹಾಗೆ ಕರೆಯುತ್ತಿದ್ದುದು ಮೊದಲಿದ್ದ ಮನೆಯ ಒಡತಿಯನ್ನು, ಜೈನರ ಮನೆಯ ವಿಧವೆಯನ್ನು. ಅವರು ಮಾತಿಗೆ ನಿಂತರೆ ಒಲೆಯ ಮೇಲಿನ ಹಾಲು ಉಕ್ಕಿಹೋಗುತ್ತಿತ್ತು. ಗಂಟಲಿನ ಆಪರೇಶನ್ ಆಗಿ ದನಿ ಹೋಯಿತು. ನೆಂಟರು ಬಂದು, ಅವರಿಗೆ ಕಿವಿಯೂ ಕೇಳದೆಂಬಂತೆ ಕೂಗಿ ಮಾತಾಡಿದರು. ಬರಬರುತ್ತ ಬರುವುದನ್ನೇ ಬಿಟ್ಟರು.

ನಾನು ಅವರ ಮೊಬೈಲಿನಲ್ಲಿ ಮೈಕ್ರೋಬ್ಲಾಗ್ ಖಾತೆ ತೆರೆದುಕೊಟ್ಟು, ದೊಡ್ಡ ಪಂಡಿತನಂತೆ ಪಾಠ ಮಾಡಿದೆ.

“ಉದ್ದ ಬರಿಯೂದ ಬ್ಯಾಡ್ರಿ ಕಾಕೂ. ಎರಡ ಸಾಲ ಸಾಕು. ಗುರುತಿಲ್ಲದವರೂ ಓದತಾರ, ಉತ್ತರ ಬರೀತಾರ, ಹಿಡಿಸಿದ್ರ ತಮ್ಮ ಮಂದಿಗೂ ತೋರಸತಾರ.”

ಕಾಕೂ ಮೊಬೈಲಿನಲ್ಲಿ ಅಕ್ಷರ ಒತ್ತಿ ತೋರಿಸಿದರು: “ನನ್ನ ಸುದ್ದಿ ಯಾಂವ ಓದತಾನ?”

ನಾನೂ ಆ ಮೈಕ್ರೋಬ್ಲಾಗಿನಲ್ಲಿ ವರ್ಷಗಳಿಂದ ಇದ್ದವನೇ, ಆದರೆ ಪರರ ಜಗಳ ಓದುವುದರಲ್ಲೇ ಕಾಲ ಕಳೆದು ಒಂದು ಸಾಲೂ ಬರೆದಿರಲಿಲ್ಲ.

ಮೊದಮೊದಲು ಕಾಕೂನ ಓದುಗ ನಾನೊಬ್ಬನೇ. “ಹೊಳಿ ನೀರ ಇಳದೈತಿ.” “ಶೇಂಗಾ ಚಟ್ನಿ ಖಾರ ಆಗೈತಿ, ಹೇಳಾವ್ರಿಲ್ಲ.” ಒಂದು ಮಧ್ಯಾಹ್ನ ಬರೆದರು: “ಕನಸಿನ್ಯಾಗ ಮಾತಾಡತೀನಿ. ಎದ್ದ ಮ್ಯಾಲೂ ಮರತ ಬಾಯಿ ತೆರೀತೀನಿ.”

ಅದು ಯಾರ ಯಾರ ಕೈ ದಾಟಿತೋ, ಸತ್ತಿ ಎಂಬ ಊರಿನ ಹೆಂಗಸೊಬ್ಬಳು ಉತ್ತರಿಸಿದಳು: “ನಂದೂ ದನಿ ಹೋಗೇತ್ರಿ ಅಕ್ಕಾ. ನಾನೂ ಹಂಗ ಬಾಯಿ ತೆರೀತೀನಿ.”

ಆಮೇಲೆ ಇಬ್ಬರೂ ದಿನವೂ ಬರೆದುಕೊಂಡರು. ದೀಪಾವಳಿ ಮುಗಿದ ಮೇಲೆ ಆಕೆ ಬಸ್ಸು ಹಿಡಿದು ಬಂದೇಬಿಟ್ಟಳು. ಇಬ್ಬರೂ ಕಟ್ಟೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಮೊಬೈಲಿನಲ್ಲಿ ಬರೆದು ತೋರಿಸುತ್ತ, ಸದ್ದಿಲ್ಲದೆ ಮೈ ಕುಲುಕುವಂತೆ ನಕ್ಕರು. ಚಹಾ ತಂದಿಟ್ಟ ನನ್ನ ಕಡೆ ನೋಡಲೂ ಇಲ್ಲ. ಆ ಮನೆಯಲ್ಲಿ ಮಾತು ಬರುವವನು ನಾನೊಬ್ಬನೇ. ಮಾತಾಡಲು ಜನವಿಲ್ಲದವನೂ ನಾನೇ.

ಆಮೇಲೆ ನನಗೆ ಇಲ್ಲಿಗೆ ವರ್ಗವಾಯಿತು. ಕಾಕೂ ಈಗ ಬರೆಯುವುದು ಅಪರೂಪ, ಗೆಳತಿ ಸಿಕ್ಕಿದ್ದಾಳಲ್ಲ. ಇಂದು ಸಂಜೆ ನಾನೇ ಮೊದಲ ಸಲ ಬರೆದೆ: “ನಿಪ್ಪಾಣಿಗೆ ಬಂದು ವರ್ಷವಾಯಿತು. ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ.”

ಬಹಳ ಹೊತ್ತಿನ ಮೇಲೆ ಒಂದೇ ಉತ್ತರ ಬಂತು, ಕಾಕೂನದು: “ಇಲ್ಲಿ ಯಾಕ ಬರೀತಿ? ಹೋಗಿ ಬಾಗಲಾ ಬಡಿ. ನಿನಗ ದನಿ ಐತಲ್ಲೋ.”

ಎದ್ದು ಹೋಗಿ ಬಡಿದೆ.

“ಯಾರ್ರೀ?” ಎಂದರು ಒಳಗಿನಿಂದ.

“ನಾನ್ರಿ, ಬಾಜೂ ಮನಿಯಾಂವ,” ಎಂದೆ. ಇಡೀ ದಿನದಲ್ಲಿ ಅದೇ ನನ್ನ ಮೊದಲ ಮಾತು. ದನಿ ಒಡೆದು ಬಂತು.